ಆಪರೇಷನ್ ಆಯ್ತು, ರೇಡಿಯೇಷನ್ ಯಾವಾಗ? ಕ್ಯಾನ್ಸರ್ ಆಸ್ಪತ್ರೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕ್ಯಾನ್ಸರ್ ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿಗೆ, ಸರ್ಜರಿ ಮತ್ತು ರೇಡಿಯೇಷನ್ ವಿಭಾಗಗಳ ಮುಖ್ಯಸ್ಥರಿಗೆ,

ನಮಸ್ಕಾರ. ಸುತ್ತಿ ಬಳಸಿ ಹೇಳುವುದಿಲ್ಲ. ನಾಲಿಗೆ, ಕೆನ್ನೆಯ ಒಳಭಾಗ, ದವಡೆ, ಗಂಟಲು, ಧ್ವನಿಪೆಟ್ಟಿಗೆ, ಹೀಗೆ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಸ್ವಲ್ಪ ಮುಂದುವರಿದಿದ್ದರೆ ಎಷ್ಟೋ ಸಲ ಆಪರೇಷನ್ ಒಂದೇ ಸಾಲುವುದಿಲ್ಲ, ಆಮೇಲೆ ರೇಡಿಯೇಷನ್ನೂ ಬೇಕು ಅಂತ ನೀವೇ ಹೇಳುತ್ತೀರಿ. ಆ ರೇಡಿಯೇಷನ್ ಆಪರೇಷನ್ ಆದ 6 ವಾರದೊಳಗೆ ಶುರುವಾಗಬೇಕು ಅನ್ನುವುದೂ ನಿಮ್ಮದೇ ನಿಯಮ. ರೋಗಿ ಕಡೆಯವರು ಮಾಡಿದ ನಿಯಮ ಅಲ್ಲ. ಹಾಗಾದರೆ ಆ 6 ವಾರದ ಲೆಕ್ಕ ಇಡುವುದು ಯಾರ ಕೆಲಸ? ಸರ್ಜರಿ ಕಡೆ ಕೇಳಿದರೆ "ನಮ್ಮದು ಆಯ್ತು, ಇನ್ನು ಅವರನ್ನ ನೋಡಿ" ಅನ್ನುತ್ತಾರೆ. ರೇಡಿಯೇಷನ್ ಕಡೆ ಕೇಳಿದರೆ "ನೀವು ನಮ್ಮ ಹತ್ರ ಬಂದಿದ್ದೇ ಈಗ, ನಾವೇನು ಮಾಡೋಣ" ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜವೇ. ಈ ಎರಡು ನಿಜಗಳ ನಡುವೆ ವಾರಗಟ್ಟಲೆ ಸಮಯ ಹೋಗಿಬಿಡುತ್ತದೆ.

ನಾನು ಡಾಕ್ಟರ್ ಅಲ್ಲ. ಅಣ್ಣನಿಗೆ ನಾಲಿಗೆ ಕ್ಯಾನ್ಸರ್ ಆದಾಗ ಅವನ ಫೈಲ್ ಹಿಡಿದುಕೊಂಡು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಾಡಿದವಳು. ಆಸ್ಪತ್ರೆ ಯಾವುದು ಅಂತ ಕೇಳಬೇಡಿ, ಒಂದು ಆಸ್ಪತ್ರೆಯ ಮೇಲೆ ಬೆರಳು ತೋರಿಸಿದರೆ ಉಳಿದವರೆಲ್ಲ ಆರಾಮಾಗಿ ಕೂತುಬಿಡುತ್ತಾರೆ. ಆಪರೇಷನ್ ಚೆನ್ನಾಗಿ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ನಾಲಿಗೆಯ ಒಂದು ಭಾಗ ತೆಗೆದು, ಮುಂಗೈಯಿಂದ ರಕ್ತನಾಳದ ಸಮೇತ ಚರ್ಮ ತಂದು ಅಲ್ಲಿ ಜೋಡಿಸಿ, ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಅಷ್ಟು ನಾಜೂಕಿನ ಕೆಲಸ ಮಾಡಿದ ಆಸ್ಪತ್ರೆ ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಬರೆದಿದ್ದು ಒಂದೇ ಸಾಲು: "ರಿವ್ಯೂ ವಿತ್ ಎಚ್‌ಪಿಇ ರಿಪೋರ್ಟ್".

ಎಚ್‌ಪಿಇ ಅಂದರೆ ಏನು, ಅದನ್ನು ಯಾರು ಕೊಡುತ್ತಾರೆ, ಯಾವಾಗ ಬಂದು ತಗೋಬೇಕು, ತಗೊಂಡು ಯಾರಿಗೆ ತೋರಿಸಬೇಕು, ಒಂದೂ ಇರಲಿಲ್ಲ. ಆಪರೇಷನ್‌ನಲ್ಲಿ ತೆಗೆದದ್ದನ್ನು ಲ್ಯಾಬಿನಲ್ಲಿ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯುವ ರಿಪೋರ್ಟ್ ಅದು. ರೇಡಿಯೇಷನ್ ಬೇಕೋ ಬೇಡವೋ, ಜೊತೆಗೆ ಕೀಮೋನೂ ಬೇಕೋ ಅನ್ನುವುದೆಲ್ಲ ಅದರ ಮೇಲೇ ನಿಂತಿರುತ್ತದೆ. ಇದೆಲ್ಲ ನಮಗೆ ಗೊತ್ತಾಗುವಷ್ಟರಲ್ಲಿ ಆ ಕಾಗದ ರೆಡಿಯಾಗಿ, ಸಹಿ ಬಿದ್ದು, ಲ್ಯಾಬ್ ಕೌಂಟರಿನ ಟ್ರೇಯಲ್ಲಿ ಬೇರೆ ರಿಪೋರ್ಟ್‌ಗಳ ಕೆಳಗೆ ಬಿದ್ದಿತ್ತು. ಅದರ ಎರಡನೇ ಪುಟದಲ್ಲಿ "ಎಕ್ಸ್‌ಟ್ರಾನೋಡಲ್ ಎಕ್ಸ್‌ಟೆನ್ಷನ್: ಪ್ರೆಸೆಂಟ್" ಅಂತ ಟೈಪ್ ಆಗಿತ್ತು. ಅಂದರೆ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಯವರೆಗೆ ಬಂದಿದ್ದಷ್ಟೇ ಅಲ್ಲ, ಗ್ರಂಥಿಯ ಹೊರಪದರ ಒಡೆದು ಆಚೆಗೂ ದಾಟಿದೆ ಅಂತ. ತಡ ಮಾಡಲೇಬಾರದ ಕೇಸುಗಳ ಸಾಲಿನಲ್ಲಿ ಇದು ಮುಂದೆ ನಿಲ್ಲುತ್ತದೆ. ಟೈಪ್ ಮಾಡಿಸಿದವರಿಗೆ ಆ ಸಾಲಿನ ತೂಕ ಗೊತ್ತಿತ್ತು ಅಲ್ವಾ? ನಮಗೋ ಸರ್ಜನ್‌ಗೋ ಒಂದು ಫೋನ್ ಹೋಗಿದ್ದರೆ ಸಾಕಿತ್ತು.

ಅಂತೂ ಇಂತೂ ರೇಡಿಯೇಷನ್ ಒಪಿಡಿ ಮುಟ್ಟಿದಾಗ ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಹಲ್ಲು ತೋರಿಸಿದ್ದೀರಾ?"

ತೋರಿಸಿರಲಿಲ್ಲ. ತೋರಿಸಬೇಕು ಅಂತ ಯಾರೂ ಹೇಳಿರಲಿಲ್ಲ. ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆಯಾಗುತ್ತದಂತೆ, ಆಮೇಲೆ ಯಾವತ್ತಾದರೂ ಹುಳುಕು ಹಲ್ಲು ಕೀಳಬೇಕಾಗಿ ಬಂದರೆ ಆ ಗಾಯ ಮಾಯದೆ ಮೂಳೆಯೇ ಸತ್ತು ಹೊರಗೆ ಕಾಣಿಸಿಕೊಳ್ಳುವ ಅಪಾಯ ಇರುತ್ತದಂತೆ. ಹಾಗಾಗಿ ಉಳಿಯದ ಹಲ್ಲುಗಳನ್ನು ಮೊದಲೇ ಕೀಳಬೇಕು, ಕಿತ್ತ ಮೇಲೆ ಕನಿಷ್ಠ 10ರಿಂದ 14 ದಿನ ಒಸಡು ಕೂಡಲು ಬಿಡಬೇಕು. ಸರಿ, ಒಪ್ಪೋಣ. ಆದರೆ ಅಣ್ಣ ಆಪರೇಷನ್ ಥಿಯೇಟರಿನಲ್ಲಿ ಅಷ್ಟು ಗಂಟೆ ಅರಿವಳಿಕೆಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದನಲ್ಲ, ಆಗಲೇ ಆ ಹಲ್ಲುಗಳನ್ನು ಕಿತ್ತಿದ್ದರೆ? ನಾಲಿಗೆ ಮಾಯುವಷ್ಟರಲ್ಲಿ ಒಸಡೂ ಮಾಯ್ದಿರುತ್ತಿತ್ತು. ಒಂದು ದಿನವೂ ಜಾಸ್ತಿ ಹಿಡಿಯುತ್ತಿರಲಿಲ್ಲ. ಹೀಗೆ ಒಟ್ಟಿಗೇ ಮಾಡುವ ಪದ್ಧತಿ ಇದೆ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಬೇಕಾದದ್ದು ಆಪರೇಷನ್‌ಗೆ ಮುಂಚೆ ದಂತವೈದ್ಯರಿಗೆ ಒಂದು ಚೀಟಿ, ಅಷ್ಟೇ.

ಇಷ್ಟು ಅವಸರ ಯಾಕೆ ಅಂತ ಕೇಳುವವರಿದ್ದಾರೆ. ಗಡ್ಡೆ ತೆಗೆದಾಯಿತಲ್ಲ, ಸ್ವಲ್ಪ ಸುಧಾರಿಸಿಕೊಳ್ಳಲಿ, ಮೈಕೈ ತುಂಬಿಕೊಳ್ಳಲಿ ಅಂತ ಮನೆಯವರಿಗೂ ಅನಿಸುತ್ತದೆ. ಕಣ್ಣಿಗೆ ಕಾಣುವ ಗಡ್ಡೆ ಹೋಗಿರುತ್ತದೆ ನಿಜ. ರೇಡಿಯೇಷನ್ ಕೊಡುವುದು ಕಣ್ಣಿಗೆ ಕಾಣದೆ ಉಳಿದಿರಬಹುದಾದ ಜೀವಕೋಶಗಳಿಗೆ. ಈ ಭಾಗದಲ್ಲಿ ಜಾಸ್ತಿ ಬರುವ ಸ್ಕ್ವಾಮಸ್ ಜಾತಿಯ ಕ್ಯಾನ್ಸರ್ ಕೋಶಗಳು ಬೇಗ ಬೇಗ ಎರಡಾಗಿ ನಾಲ್ಕಾಗಿ ಬೆಳೆಯುವಂಥವು. ನಾವು ಸುಧಾರಿಸಿಕೊಳ್ಳುವಾಗ ಅವೂ ಸುಧಾರಿಸಿಕೊಳ್ಳುತ್ತವೆ. ಇನ್ನೊಂದು ತೊಡಕೂ ಇದೆ. ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಆ ಜಾಗದಲ್ಲಿ ಆಕ್ಸಿಜನ್ ಬೇಕು. ಕೊಯ್ದು ಹೊಲಿದ ಜಾಗದಲ್ಲಿ ಮೊದಲಿನಷ್ಟು ರಕ್ತ ಓಡಾಡುವುದಿಲ್ಲ, ಗಾಯದ ಗಟ್ಟಿ ಅಂಗಾಂಶದೊಳಗೆ ಅಡಗಿದ ಕೋಶಗಳಿಗೆ ಆಕ್ಸಿಜನ್ ಕಡಿಮೆ, ಹಾಗಾಗಿ ಅವು ಸುಲಭಕ್ಕೆ ಸಾಯುವುದಿಲ್ಲ.

2001ರಲ್ಲಿ ಅಮೆರಿಕದ ಆಂಗ್ ಎಂಬ ರೇಡಿಯೇಷನ್ ತಜ್ಞರು ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಪಾಯ ಜಾಸ್ತಿ ಇರುವ ರೋಗಿಗಳಲ್ಲಿ ಆಪರೇಷನ್ ದಿನದಿಂದ ರೇಡಿಯೇಷನ್‌ನ ಕೊನೇ ದಿನದವರೆಗೆ ಒಟ್ಟು 11 ವಾರದೊಳಗೆ ಮುಗಿದರೆ ರೋಗ ಹತೋಟಿಗೆ ಬರುವುದು ಜಾಸ್ತಿ, 13 ವಾರ ದಾಟಿದರೆ ತೀರಾ ಕಡಿಮೆ ಅಂತ ಅದರಲ್ಲಿ ಕಂಡಿತು. ಈಗ ಸುಮ್ನೆ ಒಂದು ಲೆಕ್ಕ ಹಾಕಿ. ಆಪರೇಷನ್ ನಂತರ ಸಾಮಾನ್ಯವಾಗಿ ಕೊಡುವುದು 60ರಿಂದ 66 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸಿನ ಅಳತೆ). ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ. ಅಂದರೆ ಕಡಿಮೆ ಅಂದರೂ 6 ವಾರ. ಶುರು ಮಾಡುವುದಕ್ಕೇ 6 ವಾರ ತಗೊಂಡರೆ ಅಲ್ಲಿಗೆ 12 ಆಯಿತು. 11 ದಾಟೇಬಿಟ್ಟಿತು! ಹಾಗಾಗಿ 6 ವಾರ ಅನ್ನುವುದು ಆರಾಮಾಗಿ ತಲುಪಬೇಕಾದ ಗುರಿ ಅಲ್ಲ, ಅದು ಕಟ್ಟಕಡೆಯ ಗಡುವು. "ಇನ್ನೂ ಐದನೇ ವಾರ ಅಲ್ವಾ, ಟೈಮಿದೆ" ಅಂತ ನಮಗೆ ಹೇಳಿದವರು ಈ ಲೆಕ್ಕ ಹಾಕಿ ನೋಡಿದಂತೆ ಕಾಣಲಿಲ್ಲ.

ಈ ಜೋಡಿ ಚಿಕಿತ್ಸೆ ನಿನ್ನೆ ಮೊನ್ನೆಯದೂ ಅಲ್ಲ. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಗಿಲ್ಬರ್ಟ್ ಫ್ಲೆಚರ್ ಎಂಬ ವೈದ್ಯರು, ಕಣ್ಣಿಗೆ ಕಾಣದಷ್ಟು ಸಣ್ಣ ರೋಗವನ್ನು ದೊಡ್ಡ ಗಡ್ಡೆಗೆ ಬೇಕಾಗುವುದಕ್ಕಿಂತ ಕಡಿಮೆ ಡೋಸಿನಲ್ಲೇ ಅಳಿಸಬಹುದು ಅಂತ ದಶಕಗಳ ಹಿಂದೆಯೇ ತೋರಿಸಿದ್ದರು. ದಪ್ಪನೆಯ ಗಡ್ಡೆ ಸರ್ಜನ್ ಪಾಲಿಗೆ, ಸುತ್ತ ಚೆದುರಿದ ಚೂರುಪಾರು ರೇಡಿಯೇಷನ್ ಪಾಲಿಗೆ. ಹಾಗಾದರೆ ಮೊದಲು ಯಾವುದು? ಅದನ್ನೂ 1973ರಲ್ಲಿ ಶುರುವಾದ ಒಂದು ಅಮೆರಿಕನ್ ಅಧ್ಯಯನ ಒರೆಗೆ ಹಚ್ಚಿತು. ಒಂದು ಗುಂಪಿಗೆ ಆಪರೇಷನ್‌ಗೆ ಮುಂಚೆ 50 ಗ್ರೇ, ಇನ್ನೊಂದಕ್ಕೆ ಆಪರೇಷನ್ ನಂತರ 60 ಗ್ರೇ. ರೋಗ ಅದೇ ಜಾಗದಲ್ಲಿ ಮರುಕಳಿಸದಂತೆ ತಡೆಯುವುದರಲ್ಲಿ ನಂತರ ಕೊಟ್ಟದ್ದೇ ಮೇಲಾಯಿತು. ರೇಡಿಯೇಷನ್ ಆದ ಜಾಗವನ್ನು ಕೊಯ್ದರೆ ಗಾಯ ಮಾಯುವುದೂ ಕಷ್ಟ.

ಆಮೇಲೆ 2004ರಲ್ಲಿ ಯುರೋಪಿನಿಂದ ಒಂದು, ಅಮೆರಿಕದಿಂದ ಒಂದು, ಎರಡು ದೊಡ್ಡ ಅಧ್ಯಯನಗಳು ಒಟ್ಟಿಗೇ ಬಂದವು. ಆಪರೇಷನ್ ನಂತರದ ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ ಕೀಮೋ ಕೊಟ್ಟರೆ ಅಪಾಯ ಜಾಸ್ತಿ ಇರುವವರಿಗೆ ಲಾಭ ಅಂತ. ಎರಡನ್ನೂ ಸೇರಿಸಿ ನೋಡಿದಾಗ ಲಾಭ ಎದ್ದು ಕಂಡದ್ದು ಎರಡು ತರಹದವರಲ್ಲಿ: ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದವರು, ಮತ್ತೆ ಗ್ರಂಥಿಯ ಪದರ ಒಡೆದು ಆಚೆ ಬಂದವರು. ಜಪಾನಿನ ಅಧ್ಯಯನವೊಂದು 2022ರಲ್ಲಿ, ಮೂರು ವಾರಕ್ಕೊಮ್ಮೆ ದೊಡ್ಡ ಡೋಸ್ ಕೊಡುವ ಬದಲು ವಾರವಾರ ಸಣ್ಣ ಡೋಸ್ ಕೊಟ್ಟರೂ ಫಲಿತಾಂಶ ಕಡಿಮೆಯೇನಲ್ಲ ಅಂತ ತೋರಿಸಿತು. ನಾನು ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. ಸಿಸ್‌ಪ್ಲಾಟಿನ್ ಕೊಡಬೇಕಾದರೆ ಕಿಡ್ನಿ ಹೇಗಿದೆ ನೋಡಬೇಕು, ಕಿವಿ ಹೇಗಿದೆ ನೋಡಬೇಕು. ಅದಕ್ಕೆ ಮತ್ತೊಂದು ಕೌಂಟರ್, ಮತ್ತೊಂದು ಅಪಾಯಿಂಟ್‌ಮೆಂಟ್. ಆ ಒಂದು ರಿಪೋರ್ಟ್ ಟ್ರೇಯಲ್ಲಿ ಕೂತರೆ ಇವೆಲ್ಲ ಒಂದರ ಹಿಂದೆ ಒಂದು ಕೂರುತ್ತವೆ.

ನಾನು ಕೇಳುವ ಮೊದಲ ಬದಲಾವಣೆ ಇದು: ಕತ್ತಿ ಇಡುವ ಮುಂಚೆಯೇ ರೇಡಿಯೇಷನ್ ಡಾಕ್ಟರ್ ರೋಗಿಯನ್ನು ನೋಡಲಿ. ಫೈಲನ್ನಲ್ಲ, ರೋಗಿಯನ್ನು. ಬಾಯಿ ತೆರೆಸಿ, ಬೆರಳಿಟ್ಟು ಮುಟ್ಟಿ, ಗಡ್ಡೆ ಎಲ್ಲಿಂದ ಎಲ್ಲಿಯವರೆಗಿದೆ ಅಂತ ನೋಡಲಿ. ಅಣ್ಣನ ಗಡ್ಡೆಯನ್ನು ಅವನ ರೇಡಿಯೇಷನ್ ಡಾಕ್ಟರ್ ಕಣ್ಣಾರೆ ನೋಡಿಯೇ ಇರಲಿಲ್ಲ. ಅವರ ಮುಂದೆ ಇದ್ದದ್ದು ಮುಂಗೈ ಚರ್ಮದಿಂದ ಹೊಸದಾಗಿ ಕಟ್ಟಿದ ನಾಲಿಗೆ, ಹಳೇ ಸ್ಕ್ಯಾನ್, ಮತ್ತೆ ಆಪರೇಷನ್ ನೋಟ್ಸಿನ ಅರ್ಧ ಅರ್ಥವಾಗುವ ಕೈಬರಹ. ಎಲ್ಲಿಗೆ ಗುರಿ ಇಡಬೇಕು ಅನ್ನುವುದನ್ನು ಅವರು ಅದರಿಂದಲೇ ಊಹಿಸಬೇಕು. ಪಾಪ, ಅವರಾದರೂ ಏನು ಮಾಡಿಯಾರು.

ಮುಂಚೆಯೇ ಇಬ್ಬರೂ ಕೂತು ಮಾತಾಡಿದರೆ ಇನ್ನೊಂದು ಉಪಯೋಗವೂ ಇದೆ. ಎಲ್ಲರಿಗೂ ಎರಡೂ ಬೇಕಾಗುವುದಿಲ್ಲ. ಸಣ್ಣ ಗಡ್ಡೆಯಾದರೆ ಎಷ್ಟೋ ಸಲ ಯಾವುದಾದರೂ ಒಂದೇ ಸಾಕು. ಧ್ವನಿಪೆಟ್ಟಿಗೆಯ ವಿಷಯವಂತೂ ಬೇರೆಯೇ. ಅಲ್ಲಿ ಮೊದಲೇ ಕೊಯ್ಯದೆ ಕೀಮೋ ಮತ್ತು ರೇಡಿಯೇಷನ್ ಹಾದಿ ಹಿಡಿದರೆ ಎಷ್ಟೋ ಜನರ ಧ್ವನಿಪೆಟ್ಟಿಗೆ ಉಳಿಯುತ್ತದೆ ಅಂತ 1991ರಲ್ಲೇ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ ತೋರಿಸಿತು, ಆ ಗುಂಪಿನಲ್ಲಿ ಶೇ 64 ಜನರದ್ದು ಉಳಿದಿತ್ತು, ಬದುಕುಳಿದವರ ಲೆಕ್ಕದಲ್ಲೂ ಆಪರೇಷನ್ ಗುಂಪಿಗಿಂತ ಹಿಂದೆ ಬಿದ್ದಿರಲಿಲ್ಲ. ರೋಗ ಬಗ್ಗದಿದ್ದರೆ ಆಗ ಆಪರೇಷನ್. ಮೊದಲು ಸರ್ಜನ್ ಬಾಗಿಲು ತಟ್ಟಿದವರಿಗೆ ಆಪರೇಷನ್, ಮೊದಲು ರೇಡಿಯೇಷನ್ ಬಾಗಿಲು ತಟ್ಟಿದವರಿಗೆ ರೇಡಿಯೇಷನ್ ಅನ್ನುವ ಹಾಗೆ ನಡೆಯಬಾರದು ಅಲ್ವಾ?

ಎರಡನೆಯದು, ಮನೆಗೆ ಕಳಿಸುವ ದಿನ ಡಿಸ್ಚಾರ್ಜ್ ಕಾರ್ಡಿನಲ್ಲಿ ರೇಡಿಯೇಷನ್ ಒಪಿಡಿಯ ತಾರೀಖು ಬರೆದಿರಲಿ. ರಿಪೋರ್ಟ್ ಬರುವ ಮುಂಚೆಯೇ ಬರೆಯಿರಿ. ರಿಪೋರ್ಟ್ ನೋಡಿ ರೇಡಿಯೇಷನ್ ಬೇಡ ಅನಿಸಿದರೆ ಕ್ಯಾನ್ಸಲ್ ಮಾಡಿ, ನಾವು ಖುಷಿಯಾಗಿ ಮನೆಗೆ ಹೋಗುತ್ತೇವೆ. ಗಾಯ ಮಾಯಲಿ, ಆಮೇಲೆ ಕಳಿಸೋಣ ಅನ್ನುವ ಸರ್ಜನ್‌ಗಳ ಮಾತು ತಪ್ಪಲ್ಲ. ಕೆಲವರಿಗೆ ಹೊಲಿಗೆ ಬಿಡುತ್ತದೆ, ಜೋಡಿಸಿದ ಮಾಂಸ ಹಿಡಿಯುವುದಿಲ್ಲ, ಬಾಯಿಯಿಂದ ಕುತ್ತಿಗೆಗೆ ತೂತು ಬಿದ್ದು ಜೊಲ್ಲು ಸೋರುತ್ತದೆ. ಅಂಥವರಿಗೆ ಕಾಯಲೇಬೇಕು. ಆದರೆ ಗಾಯ ಮಾಯುವುದಕ್ಕೂ ಉಳಿದ ತಯಾರಿ ಶುರು ಮಾಡುವುದಕ್ಕೂ ಜಗಳ ಇಲ್ಲ.

ತಯಾರಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಯಾಕಂದ್ರೆ ಹೋದ ದಿನವೇ ಮೆಷಿನ್ ಕೆಳಗೆ ಮಲಗಿಸಿ ಕರೆಂಟ್ ಕೊಡುತ್ತಾರೆ ಅಂತ ನಾವೂ ಅಂದುಕೊಂಡಿದ್ದೆವು. ಮೊದಲು ಮಾಸ್ಕ್ ಮಾಡುತ್ತಾರೆ. ತೂತು ತೂತಿನ ಒಂದು ಪ್ಲಾಸ್ಟಿಕ್ ಹಾಳೆ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಬಟ್ಟೆಯಂತೆ ಮೆತ್ತಗಾಗುತ್ತದೆ. ಅದನ್ನು ಇಬ್ಬರು ಟೆಕ್ನಿಷಿಯನ್‌ಗಳು ಎರಡು ಕಡೆ ಹಿಡಿದು ಮುಖ, ಕುತ್ತಿಗೆ, ಭುಜದ ಮೇಲೆ ಎಳೆದು ಕೂರಿಸಿ ಬೆರಳಿನಿಂದ ಮೂಗು, ಗಲ್ಲದ ಸುತ್ತ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಗಟ್ಟಿಯಾಗಿ ಆ ಮನುಷ್ಯನ ಅಚ್ಚೇ ಆಗಿಬಿಡುತ್ತದೆ. ಪ್ರತಿದಿನ ಅದನ್ನೇ ಹಾಕಿ ಟೇಬಲ್ಲಿಗೆ ಕ್ಲಿಪ್ ಮಾಡುತ್ತಾರೆ, ಕೂದಲೆಳೆಯಷ್ಟೂ ಅಲುಗದಿರಲಿ ಅಂತ. ಆಮೇಲೆ ಸಿಟಿ ಸ್ಕ್ಯಾನ್, ಅದರ ಒಂದೊಂದು ಪದರದ ಮೇಲೂ ಡಾಕ್ಟರ್ ಗೆರೆ ಎಳೆದು ಇಲ್ಲಿಗೆ ಕೊಡಬೇಕು, ಇಲ್ಲಿಗೆ ಬೇಡ ಅಂತ ಗುರುತು ಮಾಡುವುದು, ಆಮೇಲೆ ಫಿಸಿಸಿಸ್ಟ್ ಕೂತು ಪ್ಲಾನ್ ಮಾಡುವುದು. ಬೆನ್ನುಹುರಿ ಉಳಿಸಬೇಕು, ಸಾಧ್ಯವಾದಷ್ಟು ಜೊಲ್ಲಿನ ಗ್ರಂಥಿ ಉಳಿಸಬೇಕು. 2011ರಲ್ಲಿ ಪ್ರಕಟವಾದ ಬ್ರಿಟನ್‌ನ ಅಧ್ಯಯನವೊಂದರಲ್ಲಿ ಕೆನ್ನೆಯ ಜೊಲ್ಲಿನ ಗ್ರಂಥಿ ಉಳಿಸುವ ಐಎಂಆರ್‌ಟಿ (ಜಾಗ ನೋಡಿ ಕಿರಣದ ತೀವ್ರತೆ ಹೆಚ್ಚು ಕಡಿಮೆ ಮಾಡುವ) ತಂತ್ರ ಬಳಸಿದಾಗ ವರ್ಷದ ನಂತರ ಬಾಯಿ ಒಣಗುವ ತೊಂದರೆ ಹಳೇ ಪದ್ಧತಿಯ ಶೇ 74ರಿಂದ ಶೇ 38ಕ್ಕೆ ಇಳಿದಿತ್ತು. ಇಷ್ಟೆಲ್ಲ ಕೆಲಸ ಒಂದೇ ದಿನಕ್ಕೆ ಆಗುವಂಥದ್ದಲ್ಲ, ನಮಗೂ ಅರ್ಥವಾಗುತ್ತದೆ. ಅದಕ್ಕೇ ಹೇಳುತ್ತಿರುವುದು, ಐದನೇ ವಾರದ ಕೊನೆಗೆ ಬಂದು ಶುರು ಮಾಡಬೇಡಿ ಅಂತ.

ಶುರುವಾದ ಮೇಲೂ ಗೋಳು ತಪ್ಪುವುದಿಲ್ಲ. ಒಂದು ದಿನ ಮೆಷಿನ್ ಕೆಟ್ಟಿದೆ, ಒಂದು ದಿನ ರಜೆ, "ನಾಳೆ ಬನ್ನಿ, ಕೊನೆಯಲ್ಲಿ ಒಂದು ದಿನ ಸೇರಿಸೋಣ". ಕೊನೆಯಲ್ಲಿ ಸೇರಿಸಿದರೆ ಡೋಸ್ ಸರಿಹೋಗುತ್ತದೆ, ಹೋದ ದಿನ ಹೋದದ್ದೇ. ಒಟ್ಟು ಅವಧಿ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಕಮ್ಮಿಯಾಗುತ್ತದೆ ಅಂತ ಲೆಕ್ಕ ಇದೆ. ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಈ ಕ್ಯಾನ್ಸರನ್ನು ಮೊದಲ ವರ್ಗದಲ್ಲೇ ಇಟ್ಟಿದೆ, ನಿಗದಿಯಾದ ಅವಧಿಗಿಂತ 2 ದಿನಕ್ಕಿಂತ ಜಾಸ್ತಿ ಎಳೆಯಬಾರದು ಅಂತ. ದಾರಿಗಳೂ ಇವೆ. ಶನಿವಾರ ಕೊಡಬಹುದು. ಒಂದೇ ದಿನ ಕನಿಷ್ಠ 6 ಗಂಟೆ ಅಂತರ ಬಿಟ್ಟು ಎರಡು ಸಲ ಕೊಡಬಹುದು. ಶನಿವಾರ ಸಿಬ್ಬಂದಿ ಇಲ್ಲ ಅನ್ನುವುದಾದರೆ ಅದು ರೋಗಿಯ ಸಮಸ್ಯೆ ಅಲ್ಲ, ಆಡಳಿತದ್ದು.

ಮತ್ತೆ, ನಡುವಿನ ಆ ವಾರಗಳು ಖಾಲಿ ಕೂರುವ ವಾರಗಳಲ್ಲ. ಯಾರಾದರೂ ಒಬ್ಬರು, ಡಾಕ್ಟರೇ ಆಗಬೇಕಿಲ್ಲ, ಒಬ್ಬ ನರ್ಸ್ ಸಾಕು, ಮನೆಯವರನ್ನು ಕೂರಿಸಿಕೊಂಡು ಹೇಳಬೇಕು. ತೂಕ ಇಳಿಯಲು ಬಿಡಬೇಡಿ, ಇಳಿದರೆ ಮಾಸ್ಕ್ ಸಡಿಲವಾಗಿ ಮತ್ತೆ ಪ್ಲಾನ್ ಮಾಡಬೇಕಾಗಬಹುದು ಅಂತ. ಮೂಗಿನಲ್ಲಿ ಪೈಪ್ ಇದ್ದರೂ ಡಾಕ್ಟರ್ ಒಪ್ಪಿದಷ್ಟನ್ನು ಬಾಯಿಂದ ನುಂಗುತ್ತಾ ಇರಬೇಕು, ನುಂಗುವುದನ್ನು ಪೂರ್ತಿ ಬಿಟ್ಟರೆ ಗಂಟಲು ಮರೆತೇಬಿಡುತ್ತದೆ ಅಂತ. ಬಾಯಿ ಅಗಲ ತೆರೆಯುವ ಅಭ್ಯಾಸ ದಿನಾ ಮಾಡಿಸಿ ಅಂತ. ಬೀಡಿ ಸಿಗರೇಟಿನ ಬಗ್ಗೆ "ಆಗಿದ್ದು ಆಗಿಹೋಯ್ತು, ಇನ್ನು ಬಿಟ್ಟರೇನು" ಅನ್ನುವವರಿಗೆ 1993ರ ಕೆನಡಾ ಅಧ್ಯಯನ ತೋರಿಸಿ. ರೇಡಿಯೇಷನ್ ನಡೆಯುವಾಗ ಸೇದುವುದನ್ನು ಮುಂದುವರಿಸಿದವರಲ್ಲಿ ಎರಡು ವರ್ಷದ ನಂತರ ಉಳಿದವರು ಶೇ 39, ಸೇದದಿದ್ದವರಲ್ಲಿ ಶೇ 66. ನಮಗೆ ಇದರಲ್ಲಿ ಅರ್ಧಕ್ಕರ್ಧ ಹೇಳಿದ್ದು ಕಾಯುವ ಬೆಂಚಿನಲ್ಲಿ ಪಕ್ಕ ಕೂತಿದ್ದ ಇನ್ನೊಬ್ಬ ರೋಗಿಯ ಹೆಂಡತಿ. ಆಯಮ್ಮನಿಗೆ ನಾನು ಋಣಿ. ಆದರೆ ಅದು ಆಕೆಯ ಕೆಲಸ ಆಗಿರಲಿಲ್ಲ.

ಇಲ್ಲಿ ಯಾರನ್ನೂ ಸೋಮಾರಿಗಳು ಅನ್ನುತ್ತಿಲ್ಲ. ಅಷ್ಟು ದುಡ್ಡಿರುವ ಅಮೆರಿಕದಲ್ಲೇ ರಾಷ್ಟ್ರಮಟ್ಟದ ದಾಖಲೆ ತೆಗೆದು ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಜನರಿಗೆ 6 ವಾರದೊಳಗೆ ರೇಡಿಯೇಷನ್ ಶುರುವಾಗಿರಲಿಲ್ಲ. ತಡವಾದವರಲ್ಲಿ ಕಂಡ ಕಾರಣಗಳೂ ನಮಗೆ ಹೊಸವಲ್ಲ: ಆಪರೇಷನ್ ಒಂದು ಕಡೆ, ರೇಡಿಯೇಷನ್ ಇನ್ನೊಂದು ಕಡೆ, ಹಲ್ಲು ನೋಡಿರಲಿಲ್ಲ, ರೇಡಿಯೇಷನ್ ಡಾಕ್ಟರ್ ಮೊದಲೇ ನೋಡಿರಲಿಲ್ಲ. ಆಮೇಲೆ ಕ್ಯಾನ್ಸರ್ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಲ್ಲಿನ ಕಮಿಷನ್ ಆನ್ ಕ್ಯಾನ್ಸರ್ ಈ 6 ವಾರವನ್ನು ಆಸ್ಪತ್ರೆಯ ಗುಣಮಟ್ಟ ಅಳೆಯುವ ಅಳತೆಯಾಗಿಯೇ ಮಾಡಿತು. ಅಂದರೆ ತಡವಾದರೆ ಲೆಕ್ಕ ಕೊಡಬೇಕಾದದ್ದು ಆಸ್ಪತ್ರೆ.

ಹಾಗಾಗಿ ನನ್ನ ಕೊನೆಯ ಬೇಡಿಕೆ ಒಂದು ಸಂಖ್ಯೆ. ನಿಮ್ಮಲ್ಲಿ ಕಳೆದ ವರ್ಷ ತಲೆ-ಕುತ್ತಿಗೆ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ರೇಡಿಯೇಷನ್ ಬೇಕು ಅನಿಸಿಕೊಂಡವರಲ್ಲಿ 6 ವಾರದೊಳಗೆ ಶುರು ಮಾಡಿದವರು ಎಷ್ಟು, 11 ವಾರದೊಳಗೆ ಮುಗಿಸಿದವರು ಎಷ್ಟು? ನೋಟಿಸ್ ಬೋರ್ಡಿನಲ್ಲಿ ಹಾಕಿ. ಆಪರೇಷನ್ ನಿಮ್ಮಲ್ಲಿ ಮಾಡಿಸಿಕೊಂಡು ರೇಡಿಯೇಷನ್‌ಗೆ ಬೇರೆ ಕಡೆ ಹೋದವರನ್ನು ಲೆಕ್ಕದಿಂದ ಬಿಡಬೇಡಿ, ಮತ್ತೆ ಬರಲೇ ಇಲ್ಲ ಅಂತ ಫೈಲ್ ಮುಚ್ಚಿದವರನ್ನೂ ಬಿಡಬೇಡಿ. ಅವರಿಗೆ ಫೋನ್ ಮಾಡಿ ಕೇಳಿ.

ಇಂತಿ,
ಒಬ್ಬ ರೋಗಿಯ ತಂಗಿ